ಬೀಗರಿಗೊಂದು ಕೋಣೆ

ಪೀಣ್ಯ ಎರಡನೇ ಹಂತ
9 ನವೆಂಬರ್ 2025

ಚಿರಂಜೀವಿ ತಮ್ಮ ಶಿವಶಂಕರನಿಗೆ ಅಕ್ಕ ಅಂಜನಮ್ಮನ ಆಶೀರ್ವಾದ.

ನಿನ್ನ ಕಿವಿಯಲ್ಲಿ ಗುಂಯ್ ಅನ್ನುವುದು ಕಡಿಮೆಯಾಯಿತೆ? ಲಕ್ಷ್ಮಮ್ಮ ನಾನು ಕಳಿಸಿದ ಎಣ್ಣೆಯನ್ನು ಮಂಡಿಗೆ ಹಚ್ಚುತ್ತಿದ್ದಾಳೋ, ವಾಸನೆ ಅಂತ ಅಟ್ಟಕ್ಕೆ ಎಸೆದಳೋ? ಮೊಮ್ಮಗ ಹರ್ಷವರ್ಧನನ ಶೀತ ಹೋಗಿ ಶಾಲೆಗೆ ಹೋಗುತ್ತಿದ್ದಾನೆಯೆ? ಮಗಳು ಸವಿತಾ ಹೇಗಿದ್ದಾಳೆ? ಅವಳು ಗಂಡನ ಮನೆ ಬಿಟ್ಟು ಮಗುವನ್ನು ಕರೆದುಕೊಂಡು ನಿಮ್ಮಲ್ಲಿಗೆ ಬಂದ ಮೇಲೆ ನೀನು ಬರೆದ ಕಾಗದಗಳಲ್ಲಿ ಬಾಳೆ ಗೊನೆ ಬಿಟ್ಟದ್ದಿದೆ, ಹಸು ಈದದ್ದಿದೆ, ಅವಳ ಸುದ್ದಿ ಮಾತ್ರ ಇಲ್ಲ. ಫೋನಿನಲ್ಲಿ ನಾನು ಎಷ್ಟು ಕೂಗಿದರೂ ನಿನಗೆ ಕೇಳುವುದಿಲ್ಲ. ಮೆಸೇಜು ಒತ್ತಲು ನನ್ನ ಬೆರಳು ಬಗ್ಗುವುದಿಲ್ಲ. ಇನ್ನು ಕಾಗದದಲ್ಲೂ ಮುಚ್ಚಿಟ್ಟರೆ ಹೇಗಪ್ಪ?

ನನ್ನ ಈಗಿನ ಕೆಲಸ ಏನೆಂದು ಕೇಳಿದ್ದೀ. ಹೆಸರು ಕೇರ್ ಕೋಆರ್ಡಿನೇಟರ್. ಗಾರ್ಮೆಂಟ್ಸ್‌ನಲ್ಲಿ ತೋಳು, ಕಾಲರು, ಜೇಬು ಬೇರೆ ಬೇರೆ ಟೇಬಲ್ಲಿನಿಂದ ಬರುತ್ತಿದ್ದವಲ್ಲ, ಕೂಡಿಸಿದರೆ ಅಂಗಿ. ಇದೂ ಹಾಗೆಯೇ ಅಂದುಕೋ. ನಮ್ಮ ಸಂಸ್ಥೆ ದಿಕ್ಕಿಲ್ಲದ ಮುದುಕರಿಗೆ, ಕಾಯಿಲೆಯವರಿಗೆ ಇರುವುದು. ಒಬ್ಬರಿಗೆ ಆಸ್ಪತ್ರೆ ಬೇಕು, ಇನ್ನೊಬ್ಬರಿಗೆ ಪಿಂಚಣಿ ನಿಂತಿದೆ, ಮತ್ತೊಬ್ಬರಿಗೆ ಊರಲ್ಲಿ ಯಾರಿದ್ದಾರೋ ಹುಡುಕಬೇಕು. ಎಲ್ಲೆಲ್ಲೋ ಇರುವುದನ್ನು ತಂದು ಹೊಲಿಗೆ ಹಾಕಿಕೊಡುವುದು ನನ್ನ ಪಾಲಿಗೆ ಬಂದದ್ದು.

ಈಗ ಒಂದು ಜೋಡಿಯ ಹಿಂದೆ ಓಡಾಡುತ್ತಿದ್ದೇನೆ. ಬೈರಪ್ಪನವರ ಶೀಟಿನ ವಠಾರ ನಿನಗೆ ನೆನಪಿರಬೇಕು, ನೀನು ತಗಡು ಒತ್ತುತ್ತಿದ್ದ ಪ್ರೆಸ್ ಶಾಪಿನ ಹಿಂದಿನ ಬೀದಿ. ಅಲ್ಲಿ ಸುರಪುರದ ಕಡೆಯ ಸೋಮಪ್ಪ, ದೇವಕ್ಕ ಇದ್ದಾರೆ. ಸೋಮಪ್ಪ ಪಾಲಿಶಿಂಗ್ ಕೆಲಸ ಮಾಡಿ ಮಾಡಿ ಎದೆಯೊಳಗೆ ದೂಳು ತುಂಬಿಕೊಂಡಿದ್ದಾರೆ. ಒಂದೊಂದು ಸಲ ಉಸಿರು ಸಿಕ್ಕಿಹಾಕಿಕೊಂಡರೆ ಯಾರಾದರೂ ಎಬ್ಬಿಸಿ ಕೂರಿಸಿ ಬೆನ್ನು ನೀವಬೇಕು. ದೇವಕ್ಕ ನೀವುತ್ತಾರೆ. ನಾನು ಮೊದಲು ಹೋದ ದಿನ ಸೋಮಪ್ಪ ಬಾಗಿಲಲ್ಲಿ ಕೂತು ಉಸಿರು ಎಳೆಯುತ್ತಿದ್ದರು. ಮನೆಯಲ್ಲಿ ಇನ್ಯಾರಿದ್ದಾರೆ ಎಂದರೆ ಮಾತಾಡಲಾಗದೆ ಒಳಗೆ ಕೈ ತೋರಿಸಿದರು. ಒಳಗೆ ದೇವಕ್ಕ. ನನ್ನನ್ನು ನೋಡಿ ನಕ್ಕವರು ಸೋಮಪ್ಪನ ಕಡೆ ತಿರುಗುವಾಗ ಸೆರಗು ತಲೆಯ ಮೇಲೆ ಎಳೆದುಕೊಂಡರು. "ಗುಳಿಗಿ ತಗೊಳ್ಳಾಕ ಹೇಳ್ರಿ ಅಕ್ಕಾರ" ಎಂದು ನನಗೆ ಹೇಳಿದರೇ ಹೊರತು ಅವರಿಗೆ ನೇರ ಒಂದು ಮಾತಿಲ್ಲ. ಅವರ ಊಟ ಮುಗಿದ ಮೇಲೆ ತಮ್ಮ ತಟ್ಟೆ. ನಮ್ಮ ಅವ್ವ ಅಪ್ಪನ ಮುಂದೆ ಹೀಗೇ ಇದ್ದಳು, ಅಲ್ಲವೆ? ಎಷ್ಟು ಕಾಲಕ್ಕೆ ಇಂಥ ಗಂಡ ಹೆಂಡಿರನ್ನು ನೋಡಿದೆ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

ಸಂಕ್ರಾಂತಿ ಕಳೆದ ಮೇಲೆ ಬೈರಪ್ಪ ವಠಾರ ಕೆಡವಿ ಪಿ.ಜಿ. ಕಟ್ಟಿಸುತ್ತಾರಂತೆ. ಮಿಕ್ಕವರೆಲ್ಲ ದುಡಿಯುವವರು, ಎಲ್ಲಾದರೂ ರೂಮು ಹಿಡಿದುಕೊಂಡಾರು. ಇವರಿಗೆ ಕಾಡುಗೋಡಿಯ ಹಿಂದಿರುವ ಒಂದು ವೃದ್ಧಾಶ್ರಮದಲ್ಲಿ ಕೇಳಿದ್ದೇನೆ. ಅಲ್ಲಿ ಇರುವುದು ಹೆಂಗಸರಿಗೆ ಒಂದು ದೊಡ್ಡ ಹಾಲ್, ಪಕ್ಕದಲ್ಲಿ ಗಂಡ ಹೆಂಡತಿಗೆಂದೇ ನಾಲ್ಕು ಕೋಣೆ. ಒಂದು ಖಾಲಿಯಾಗುವುದರಲ್ಲಿದೆ. ಸಿಕ್ಕರೆ ನನ್ನ ಪುಣ್ಯ.

ನಿನ್ನ ಅಕ್ಕ
ಅಂಜನಮ್ಮ


ಪೀಣ್ಯ
30 ನವೆಂಬರ್ 2025

ಪ್ರೀತಿಯ ಶಿವು,

ಕೋಣೆ ಸಿಕ್ಕಿತು. ಸಿಕ್ಕಿದ್ದೇ ಈಗ ದೊಡ್ಡ ಪೇಚಾಗಿದೆ.

ಸಂಸ್ಥೆಯಿಂದ ಮಂಜೂರಾಗಿದೆ ಅಂತ ಗೊತ್ತಾದ ಗಳಿಗೆ ನಾನು ಕಾಫಿ ಕೂಡ ಕುಡಿಯದೆ ವಠಾರಕ್ಕೆ ಓಡಿದೆ. "ಇಬ್ಬರಿಗೂ ಒಂದೇ ಕೋಣೆ ಸಿಕ್ಕಿತು! ಗಂಡ ಹೆಂಡತಿಗೆ ಅಂತಾನೇ ಇರೋದು. ಕಿಟಕಿ ಐತೆ, ಆಚೆ ಸಂಪಿಗೆ ಗಿಡ ಐತೆ" ಎಂದೆ. ದೇವಕ್ಕ ಚೊಂಬು ಹಿಡಿದು ನಿಂತವರು ನಿಂತೇ ಇದ್ದರು. ಸೋಮಪ್ಪ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನಗು ಶುರುವಾಯಿತು ನೋಡು, ನಕ್ಕು ನಕ್ಕು ಕೆಮ್ಮು ಹತ್ತಿತು.

"ಕೇಳಿದ್ರೇನ್ರಿ ಬೀಗರ? ನಮ್ಮ ಮದಿವಿ ಆತಂತ! ನಿಮ್ಮ ಕಡ್ಯಾವ್ರು ಮೊದಲಿಂದ ಹಿಂಗ. ಮಗಳ ಮದಿವ್ಯಾಗ ಹೋಳಿಗಿಗಿ ತುಪ್ಪ ಸಾಲದಾತು, ಈ ಮದಿವ್ಯಾಗ ಹೋಳಿಗೀನ ಇಲ್ಲ."

"ಬಾಯಿ ಮುಚ್ಕೊಂಡು ಕುಂದ್ರಾಕ ಹೇಳ್ರಿ ಅವರಿಗಿ" ಎಂದರು ದೇವಕ್ಕ. ಚೊಂಬನ್ನು ಕುಕ್ಕಿದ ರಭಸಕ್ಕೆ ನೀರು ನನ್ನ ಸೀರೆಗೆ ಹಾರಿತು. "ಅಕ್ಕಾರ, ನಿಮಗ ಕಣ್ಣಿಲ್ಲೇನ್ರಿ? ಖೋಲಿ ನಡುವ ಸೀರಿ ಕಟ್ಟೀನಲ್ಲ. ಯಾ ಹೇಣ್ತಿ ಗಂಡಗ ಸೀರಿ ಅಡ್ಡ ಕಟ್ಟಿ ಮಕ್ಕೋತಾಳ್ರಿ?"

ಹೌದು, ಹಗ್ಗದ ಮೇಲೆ ಸೀರೆ ಇತ್ತು. ಒಂದೇ ಕೋಣೆಯ ಮನೆಗಳಲ್ಲಿ ಎಲ್ಲರೂ ಕಟ್ಟುತ್ತಾರೆ, ಸ್ನಾನಕ್ಕಿರಬೇಕು ಅಂದುಕೊಂಡಿದ್ದೆ.

ಅವರು ಬೀಗರು ಕಣೋ ಶಿವು. ದೇವಕ್ಕನ ಮಗಳು ಶಿವಗಂಗಾಳನ್ನು ಸೋಮಪ್ಪನ ಮಗ ಹನುಮೇಶನಿಗೆ ಕೊಟ್ಟಿದ್ದರು. ಸೋಮಪ್ಪನ ಹೆಂಡತಿ, ದೇವಕ್ಕನ ಗಂಡ ಇಬ್ಬರೂ ಆಗಲೇ ತೀರಿಹೋಗಿದ್ದರು. ಅಪ್ಪ, ಮಗ, ಸೊಸೆ ಮೂವರೂ ಇಲ್ಲಿಗೆ ದುಡಿಯಲು ಬಂದರು. ಗಂಡ ಹೆಂಡಿರಿಗೆ ಹೊಂದಲಿಲ್ಲ. ಬುದ್ಧಿ ಹೇಳಿ ಹೋಗೋಣ ಎಂದು ದೇವಕ್ಕ ಊರಿನಿಂದ ಬಂದರು, ನಾಲ್ಕು ದಿನಕ್ಕೆಂದು. ಅಷ್ಟರಲ್ಲಿ ಕೊರೊನಾ ಬಂದು ಬಸ್ಸು ನಿಂತಿತು. ನಾಲ್ಕು ಜನ ಒಂದೇ ಕೋಣೆಯಲ್ಲಿ ಜಗಳ ಕೇಳಿಕೊಂಡು ಕೂತರು. ಬಸ್ಸು ಬಿಟ್ಟ ಮೇಲೆ ಮೊದಲು ಹನುಮೇಶ ಹೋದ, ಆಮೇಲೆ ಶಿವಗಂಗಾ ಹೋದಳು. ಅವನಿಗೆ ಪುಣೆಯಲ್ಲಿ ಬೇರೆ ಸಂಸಾರ, ಮಗುವೂ ಆಗಿದೆ. ಅವಳು ಸೊಲ್ಲಾಪುರದಲ್ಲಿ ಬೇರೆಯವನ ಜೊತೆ ಮನೆ ಮಾಡಿದ್ದಾಳೆ. ಊರಿಗೆ ಹೋದರೆ ಮಗಳೆಲ್ಲಿ, ಮಗನೆಲ್ಲಿ ಎಂದು ಕೇಳುತ್ತಾರಲ್ಲ, ಏನೆಂದು ಹೇಳುವುದು? ಇವರಿಬ್ಬರು ಇಲ್ಲೇ ಉಳಿದರು. ನಾನು ಹೆಂಡತಿಯ ಲಕ್ಷಣ ಎಂದುಕೊಂಡದ್ದೆಲ್ಲ, ಆ ಸೆರಗು, ಆ ಮರೆಯ ಮಾತು, ಗಂಡಿನ ಕಡೆಯ ಬೀಗರಿಗೆ ಕೊಡುವ ಮರ್ಯಾದೆ. ನಾನಿಲ್ಲದಾಗ ಹೇಗೆ ಮಾತಾಡುತ್ತೀರಿ ಎಂದು ಕೇಳಿದೆ. "ಗ್ವಾಡಿಗಿ ಹೇಳ್ತೀನ್ರಿ. ಅವರು ಕೇಳಿಸ್ಕೋತಾರ" ಎಂದರು.

ನಮ್ಮ ಆಫೀಸಿನ ದಿವ್ಯಾ ಎನ್ನುವ ಹುಡುಗಿ ನನ್ನ ಮೇಲಿನವಳು, ಒಳ್ಳೆಯ ಹುಡುಗಿ. ಹೋಗಿ ತಪ್ಪು ಒಪ್ಪಿಕೊಂಡೆ.

"ಆಂಟಿ, ಸಿಸ್ಟಮ್‌ನಲ್ಲಿ ಸ್ಪೌಸ್ ಅಂತ ಹೋಗ್ಬಿಟ್ಟಿದೆ. ರೂಮೂ ಅಪ್ರೂವ್ ಆಗಿದೆ. ಹಂಗೇ ಬಿಟ್ಬಿಡೋಣ" ಎಂದಳು.

"ಸುಳ್ಳಾಗಲ್ವೇನಮ್ಮ? ಬೀಗರು ಅಂತ ತಿದ್ದಕ್ಕಾಗಲ್ವಾ?"

"ಅದಕ್ಕೆ ಆಪ್ಷನ್ ಇಲ್ಲ. ಅದರ್ಸ್ ಅಂತ ಹಾಕ್ಬೇಕು. ಹಾಕಿದ್ರೆ ಆ ರೂಮ್ ಕೊಡಲ್ಲ. ಅವರನ್ನ ಎಲೆಕ್ಟ್ರಾನಿಕ್ ಸಿಟಿ ಕಡೆ ಗಂಡಸರ ಹೋಮಿಗೆ, ಆಯಮ್ಮನ್ನ ಕಾಡುಗೋಡಿ ಆಶ್ರಮದ ಹೆಂಗಸರ ಹಾಲ್‌ಗೆ ಕಳಿಸ್ಬೇಕಾಗತ್ತೆ. ಉಸಿರು ಕಟ್ಟಿದ್ರೆ ಎಬ್ಬಿಸಿ ಕೂರಿಸೋರು ಯಾರು ಆಂಟಿ? ಅದು ನಿಜ ತಾನೆ?"

ಅದೂ ನಿಜ. ಬೀಗರನ್ನು ಅದರ್ಸ್, ಅಂದರೆ ಯಾರೋ ಬೇರೆಯವರು, ಎನ್ನುವುದು ಹೇಗೆ? ಗಂಡ ಹೆಂಡತಿ ಎನ್ನುವುದಂತೂ ಹೇಗೆ? ನನಗೆ ತಲೆಯೇ ಓಡುತ್ತಿಲ್ಲ. ನಿನಗೇನು ತೋರುತ್ತದೆ ಬರೆ. ಸವಿತಾಳ ವಿಷಯವನ್ನೂ ಬರೆ, ಮರೆತಂತೆ ಮಾಡಬೇಡ.

ಅಂಜನಕ್ಕ


ಕುಣಿಗಲ್ ತಾಲೂಕಿನಿಂದ
14 ಡಿಸೆಂಬರ್ 2025

ಅಕ್ಕನಿಗೆ ಶಿವಶಂಕರನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿನ್ನ ಎಣ್ಣೆಯನ್ನು ಲಕ್ಷ್ಮಮ್ಮ ಕುಂಟುತ್ತಿದ್ದ ಕರುವಿನ ಕಾಲಿಗೆ ಹಚ್ಚಿದಳು. ಕರು ಈಗ ಓಡುತ್ತಿದೆ. ಇವಳು ಕುಂಟುತ್ತಿದ್ದಾಳೆ. ಹರ್ಷ ಶಾಲೆಗೆ ಹೋಗುತ್ತಾನೆ.

ನೀನು ಕೇಳಿದ್ದಕ್ಕೆ ನನ್ನ ಮಾತು ಇಷ್ಟೇ. ಮಕ್ಕಳೇ ಬೇರೆಯಾದ ಮೇಲೆ ಬೀಗತನ ಎಲ್ಲಿ ಉಳಿಯಿತು? ಅವರು ಒಬ್ಬರಿಗೊಬ್ಬರು ಏನೂ ಅಲ್ಲ. ಏನೂ ಅಲ್ಲದವರನ್ನು ಒಂದು ಕಡೆ ಇಟ್ಟರೇನು, ಎರಡು ಕಡೆ ಇಟ್ಟರೇನು? ನೀನು ತಲೆ ಕೆಡಿಸಿಕೊಳ್ಳದೆ ನಿನ್ನ ಕೆಲಸ ನೋಡು.

ಹೋದ ವಾರ ಹನುಮಯ್ಯ ಬಂದಿದ್ದ, ಸವಿತಾಳ ಮಾವ. ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಮಗುವನ್ನು ನೋಡುವುದಕ್ಕೆ ಇರಬೇಕು. ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ನಾನು ಕೊಟ್ಟಿಗೆ ಕಡೆ ಹೋದೆ. ತಿರುಗಿ ಬಂದಾಗ ಇರಲಿಲ್ಲ.

ಸವಿತಾ ಕ್ಷೇಮ.

ನಿನ್ನ ತಮ್ಮ
ಶಿವಶಂಕರ


ಪೀಣ್ಯ
18 ಜನವರಿ 2026

ಪ್ರೀತಿಯ ಶಿವು,

ಹಬ್ಬಕ್ಕೆ ಕಳಿಸಿದ ಎಳ್ಳು ಬೆಲ್ಲ ಸಿಕ್ಕಿರಬೇಕು. ನಿನ್ನ ಕಾಗದವನ್ನು ಓದಿ ಮಡಿಸಿಟ್ಟು ಮತ್ತೆ ತೆಗೆದು ಓದಿದೆ. ಸವಿತಾಳ ಮದುವೆಯ ದಿನ ಹನುಮಯ್ಯನವರ ಕೈ ಹಿಡಿದುಕೊಂಡು ನೀನು ಊಟದ ಪಂಕ್ತಿಗೆ ಕರೆದೊಯ್ದದ್ದು ನನ್ನ ಕಣ್ಣ ಮುಂದಿದೆ. ಇರಲಿ.

ನೀನು ಏನೂ ಅಲ್ಲದವರು ಎಂದು ಬರೆದೆ. ನಾನು ಅದನ್ನೇ ತಲೆಯಲ್ಲಿಟ್ಟುಕೊಂಡು ವಠಾರಕ್ಕೆ ಹೋದೆ. ಏನೂ ಅಲ್ಲದಿದ್ದರೆ ಏನೆಂದು ಬರೆಸಿದರೂ ನಡೆಯುತ್ತದಲ್ಲ! "ಬರೀ ಹಾಳೆ ಮೇಲೆ ದೇವಕ್ಕ, ಒಳಗೆ ನೀವು ಹೆಂಗಿದ್ರೂ ಯಾರು ಕೇಳ್ತಾರೆ? ಅಲ್ಲೂ ಸೀರೆ ಕಟ್ಟಿಕೊಳ್ಳಿ" ಎಂದೆ.

"ಹಾಳಿ ಮ್ಯಾಲ ಅಂತೀರಿ. ಅಲ್ಲಿ ಕೆಲಸದಾಕಿ ಬಂದು ನಿಮ್ಮ ಯಜಮಾನ್ರು ಉಂಡ್ರಾ ಅಂತಾಳ. ನಾ ಹ್ಞೂಂ ಅನಬೇಕು. ನಾಳಿ ನಮ್ಮ ಶಿವಗಂಗಾ ಬಂದ್ಲಂದ್ರ? ಇಷ್ಟು ದಿನ ಮಾವ ಅಂದಾಕಿ, ಅವರಿಗಿ ಇನ್ನ ಏನಂತ ಕರೀಬೇಕ್ರಿ?"

"ಬರ್ತಾಳಾ ದೇವಕ್ಕ?" ಬಾಯಿ ತಪ್ಪಿ ಬಂತು, ಕೇಳಬಾರದಾಗಿತ್ತು.

ಅವರು ಅಕ್ಕಿ ಆರಿಸುತ್ತಲೇ ಇದ್ದರು. "ಬರ್ತಾಳೋ ಇಲ್ಲೋ. ಬಂದ್ರ ನಾ ಆಕಿ ಅವ್ವ ಆಗಿರಬೇಕು. ಇವರು ಆಕಿ ಮಾವ ಆಗಿರಬೇಕು. ಅಷ್ಟಾರ ಉಳೀಲಿ."

ಸೋಮಪ್ಪನ ಮುಖ ನೋಡಿದೆ. ಅವರಿಗೆ ಒಂಟಿಯಾಗಿರಲು ಹೆದರಿಕೆ. ನನಗೆ ಗೊತ್ತು, ದೇವಕ್ಕ ನೀರಿಗೆ ಹೋದರೂ ಬಾಗಿಲ ಕಡೆ ನೋಡುತ್ತಾ ಕೂರುವವರು. ಆದರೆ ಅಂದದ್ದು ಇಷ್ಟು: "ಗಂಡಿನ ಕಡ್ಯಾವ್ರು ಬೀಗರ ಮಾತಿಗಿ ಎದುರಾಡಲಿಲ್ಲ, ಇದ ಮೊದಲು. ಬೀಗರಂತನ ಬರಕೋರ್ರಿ ಅಕ್ಕಾರ."

ಆಶ್ರಮದವರನ್ನು ಕೇಳಿದೆ, ಕೈ ಮುಗಿದು ಕೇಳಿದೆ. ಹೆಂಗಸರಿರುವ ಕಡೆ ಒಂಟಿ ಗಂಡಸಿಗೆ ಜಾಗವಿಲ್ಲ ಎಂದರು. ಬೈರಪ್ಪನನ್ನು ಕೇಳಿದೆ. "ಅಂಜನಮ್ಮೋರೆ, ಜೆಸಿಬಿಯವ್ನು ಬಂದು ನಿಂತವ್ನೆ. ನಾನೇನ್ ಕಟುಕನಾ? ಅಬ್ಬ ಕಳೀಲಿ ಅಂತ್ಲೇ ಬಿಟ್ಟಿದ್ದು. ಈಗ ನೋಡಿ, ಅವರ ರೂಮೊಂದ್ ಬಿಟ್ಟು ಮಿಕ್ಕಿದ್ದ ಎಂಗ್ ಒಡೀಲಿ?" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ನಿನ್ನೆ ಇಬ್ಬರನ್ನೂ ಎರಡು ದಿಕ್ಕಿಗೆ ಕಳಿಸಿದೆ. ಹೊರಡುವ ಮುಂಚೆ ದೇವಕ್ಕ ಹಗ್ಗದಿಂದ ಆ ಸೀರೆ ಬಿಚ್ಚಿ, ಕೊಡವಿ, ಮಡಿಸಿ ನನ್ನ ಕೈಗಿಟ್ಟರು. "ಅಲ್ಲಿ ಥಂಡಿ ಇರ್ತದ. ಹೊಚ್ಕೊಳ್ಳಾಕ ಹೇಳ್ರಿ." ಸೋಮಪ್ಪ ಅದನ್ನು ಮದುವೆಯ ಉಡುಗೊರೆ ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು. "ಗಂಡಸಿಗಿ ಸೀರಿ ಆಯೇರಿ ಮಾಡಿದ ಬೀಗರು ಇವರೊಬ್ಬರ" ಎಂದರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ? ಅವರು ಹೇಳಿದ ಹಾಗೆಯೇ ಮಾಡಿದೆನಲ್ಲ, ಮತ್ತೆ ಯಾಕೆ ಹೀಗೆ?

ಅಂಜನಕ್ಕ


ಪೀಣ್ಯ
15 ಫೆಬ್ರವರಿ 2026

ಶಿವು,

ನಿನ್ನಿಂದ ಕಾಗದವಿಲ್ಲ. ಕೋಪವಿದ್ದರೆ ಕೋಪ ಎಂದಾದರೂ ಬರೆ.

ನಾನೀಗ ಈ ಕಡೆಯ ಸುದ್ದಿ ಆ ಕಡೆಗೆ, ಆ ಕಡೆಯದು ಈ ಕಡೆಗೆ ಹೊರುತ್ತಿದ್ದೇನೆ. ಅಲ್ಲಿ ಹೋದರೆ ಸೋಮಪ್ಪ, "ಬೀಗರಿಗಿ ಬಿಸಿನೀರು ಕೊಡ್ತಾರೇನ್ರಿ?" ಇಲ್ಲಿ ಬಂದರೆ ದೇವಕ್ಕ, "ಖಾರ ತಿನಬ್ಯಾಡಂತ ಹೇಳ್ರಿ." ಗೋಡೆಯ ಕೆಲಸ ನನಗೆ ಬಂದಿದೆ.

ಈ ತಿಂಗಳ ಮೊದಲಲ್ಲಿ ಸೋಮಪ್ಪನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದರು. ಪಕ್ಕದ ಹಾಸಿಗೆಯವರಿಗೆ ಎಚ್ಚರವಾಗಲಿಲ್ಲವಂತೆ. ಈಗ ಪರವಾಗಿಲ್ಲ, ತಿರುಗಿ ಬಂದಿದ್ದಾರೆ. ದೇವಕ್ಕನಿಗೆ ಹೇಳದಿರೋಣ ಎಂದುಕೊಂಡಿದ್ದೆ, ನನ್ನ ಮುಖ ನೋಡಿಯೇ ಹಿಡಿದರು. "ಎಬ್ಬಿಸಿ ಕೂಡಿಸಿದವರು ಯಾರ್ರಿ?" ಎಂದು ಕೇಳಿದರು. 

ಎದ್ದು ಹೋಗಿ ಸಂಪಿಗೆ ಗಿಡದ ಕಟ್ಟೆಯ ಮೇಲೆ ಕೂತರು. ನಾನು ಹೊರಟಾಗ ಗೇಟಿನವರೆಗೂ ಬಂದು, ಬೇರೆ ಕಡೆ ನೋಡುತ್ತಾ ಕೇಳಿದರು: "ಆ ಖೋಲಿ ಇನ್ನೂ ಅದ ಏನ್ರಿ?"

ಇಲ್ಲ ಶಿವು. ಅದನ್ನು ಬೇರೆ ದಂಪತಿಗೆ ಕೊಟ್ಟು ಆಗಿಹೋಗಿದೆ. ಅವರ ಚಪ್ಪಲಿಗಳು ಬಾಗಿಲಲ್ಲಿ ಕಾಣುತ್ತಿದ್ದವು. ದೇವಕ್ಕನಿಗೂ ಕಾಣುತ್ತಿದ್ದವು.

ಅಂಜನಕ್ಕ


ಪೀಣ್ಯ
27 ಮಾರ್ಚ್ 2026

ಪ್ರೀತಿಯ ಶಿವು, ಲಕ್ಷ್ಮಮ್ಮ, ಸವಿತಾ, ಹರ್ಷ,

ಎಲ್ಲರ ಹೆಸರನ್ನೂ ಬರೆದಿದ್ದೇನೆ, ಒಬ್ಬರಾದರೂ ಉತ್ತರ ಕೊಡುತ್ತೀರಿ ಎಂದು.

ಯುಗಾದಿ ಕಳೆದ ಭಾನುವಾರ ಸೋಮಪ್ಪನನ್ನು ದೇವಕ್ಕನ ಹತ್ತಿರ ಕರೆದುಕೊಂಡು ಹೋದೆ. ಹಬ್ಬದ ವಾರ ಬೀಗರ ಮನೆಗೆ ಹೋಗಬಾರದೆಂದು ಯಾರು ಹೇಳುತ್ತಾರೆ? ದಿವ್ಯಾ ತಾನೇ ಎರಡೂ ಹೋಮಿನವರಿಗೆ ಫೋನು ಮಾಡಿ ಒಪ್ಪಿಸಿದಳು. ಹಳದಿ ಮೆಟ್ರೋ ಹತ್ತಿ, ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಮತ್ತೆ ಇಳಿದು ನೇರಳೆ ಮೆಟ್ರೋ ಹತ್ತಿದೆವು. ಸಿಕ್ಕ ಬೆಂಚಿನ ಮೇಲೆಲ್ಲ ಅವರನ್ನು ಕೂರಿಸಿ ಉಸಿರು ತೆಗೆದುಕೊಳ್ಳಲು ಬಿಟ್ಟೆ. ಬಿಳಿ ಪಂಚೆ, ತಲೆಗೆ ಪಟಗ, ಕೈಚೀಲದಲ್ಲಿ ಬಾಳೆಹಣ್ಣು, ಚುರುಮುರಿ. ಬರಿಗೈಲಿ ಹೋಗಬಾರದಂತೆ.

ಅಲ್ಲಿ ಚಿಕ್ಕಮುನಿಯಮ್ಮ ಎಂದು ಅಡುಗೆಯವರಿದ್ದಾರೆ, ವರ್ತೂರಿನ ಕಡೆಯವರು. ದೇವಕ್ಕ ಅವರ ಒಲೆ ಕೇಳಿ ಪಡೆದು ಬೆಳಗಿನಿಂದ ಹೋಳಿಗೆ ಬೇಯಿಸಿದ್ದರು. ಸೋಮಪ್ಪನಿಗೆ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಇಟ್ಟರು. ಅದನ್ನು ಕಂಡಾಗ ನನಗೆ ಹೊಳೆಯಿತು. ಆ ಶೀಟಿನ ಮನೆಯಲ್ಲಿ ಇಷ್ಟು ವರ್ಷ ಯಾರು ಯಾರಿಗೆ ನೀರು ಕೊಡುವುದು? ಯಾರೂ ನೆಂಟರಲ್ಲ, ಯಾರೂ ಮನೆಯವರಲ್ಲ. ಅವತ್ತು ಮೊದಲ ಸಲ ಒಬ್ಬರು ಬಂದವರಾಗಿದ್ದರು, ಒಬ್ಬರು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವರಾಗಿದ್ದರು.

ಚಿಕ್ಕಮುನಿಯಮ್ಮ ತುಪ್ಪ ಬಡಿಸಲು ಬಂದರು. "ಹೋಳಿಗಿ ಮುಳುಗೋ ತನಕ ಹಾಕ್ರಿ. ಆಮ್ಯಾಲ ಊರಾಗೆಲ್ಲ ಹೇಳ್ಕೊಂತ ತಿರುಗ್ತಾರ" ಎಂದರು ದೇವಕ್ಕ ಬಾಗಿಲ ಮರೆಯಿಂದ. ಸೋಮಪ್ಪ ತಿಂದು, ಬೆರಳು ನೆಕ್ಕಿ, "ತುಪ್ಪ ಬರೋಬ್ಬರಿ ಅದ. ಬೆಲ್ಲ ಕಮ್ಮಿ" ಎಂದರು. ಹಾಲ್‌ನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದರು.

ಐದು ಗಂಟೆಗೆ ಬಂದವರು ಹೊರಡಬೇಕು ಎಂಬುದು ಅಲ್ಲಿನ ನಿಯಮ. ನಾವು ಎದ್ದೆವು. ಸೋಮಪ್ಪ ಚಪ್ಪಲಿ ಮೆಟ್ಟಿದರು. ಆಗ ದೇವಕ್ಕ ಬಾಗಿಲ ಮರೆಯಿಂದ ಹೊರಗೆ ಬಂದರು. ಸೆರಗು ತಲೆಯ ಮೇಲಿತ್ತು. ನನಗೂ ಹೇಳಲಿಲ್ಲ, ಗೋಡೆಗೂ ಹೇಳಲಿಲ್ಲ.

"ಬೀಗರ, ಇವತ್ತೊಂದಿನ ಇದ್ದು ಹೋಗ್ರಿ."

ಎಲ್ಲರ ಮನೆಯಲ್ಲೂ ಹೇಳುವ ಮಾತು. ಹೊರಟವರು ಇಲ್ಲ, ಮನೆಯಲ್ಲಿ ಕೆಲಸವಿದೆ, ಇನ್ನೊಮ್ಮೆ ಬರುತ್ತೇವೆ ಎನ್ನಬೇಕು. ನಾನೂ ಅದನ್ನೇ ಕಾಯುತ್ತಿದ್ದೆ. ಸೋಮಪ್ಪ ಚಪ್ಪಲಿ ಬಿಟ್ಟರು. ಬಾಗಿ, ಜೋಡಿಸಿ ಗೋಡೆಯ ಪಕ್ಕಕ್ಕಿಟ್ಟರು. ತಿರುಗಿ ಹೋಗಿ ಚಾಪೆಯ ಮೇಲೆ ಕೂತುಬಿಟ್ಟರು.

ಮೇಲ್ವಿಚಾರಕಿ ಬಂದು, "ಇವರು ಆಯಮ್ಮಂಗೆ ಏನಾಗ್ಬೇಕು?" ಎಂದು ನನ್ನನ್ನು ಕೇಳಿದರು. ಬೀಗರು ಎಂದೆ. ಚಿಕ್ಕಮುನಿಯಮ್ಮ ನಡುವೆ ಬಾಯಿ ಹಾಕಿದರು: "ಬೀಗರಾ? ಇರಿ ಅಂತ ಕೂರ್ಸಿದ್ ಬೀಗರ್ನ ಎದ್ದೋಗು ಅಂತ ಎಂಗಂದೀರ ಮೇಡಂ? ನಮ್ ಮನೇಲಾದ್ರೆ ಅಂತೀವಾ?" ಮೇಲ್ವಿಚಾರಕಿ ನನ್ನನ್ನು ನೋಡಿದರು, ನಾನು ಸಂಪಿಗೆ ಗಿಡ ನೋಡಿದೆ. ಗೇಟಿನ ಪಕ್ಕದ ವಾಚ್‌ಮನ್ ರೂಮಿನಲ್ಲಿ ಒಂದು ದಿನಕ್ಕೆ ಎಂದು ಮಂಚ ಹಾಕಿಸಿದರು. ಅದರ ಗೋಡೆ ಹೆಂಗಸರ ಹಾಲ್‌ನ ಗೋಡೆಗೆ ಅಂಟಿಕೊಂಡಿದೆ. ದೇವಕ್ಕ ತಮ್ಮ ಹಾಸಿಗೆಯನ್ನು ಆ ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು. ಕೆಮ್ಮಿದರೆ ಕೇಳುತ್ತದಂತೆ.

ಇವತ್ತು ಶುಕ್ರವಾರ. ಅವರು ಇನ್ನೂ ಅಲ್ಲೇ ಇದ್ದಾರೆ. ಪ್ರತಿ ಸಂಜೆ ಸೋಮಪ್ಪ ಚಪ್ಪಲಿ ಮೆಟ್ಟಿ ಹೊರಡುತ್ತಾರಂತೆ. ಪ್ರತಿ ಸಂಜೆ ದೇವಕ್ಕ ಇದ್ದು ಹೋಗ್ರಿ ಎನ್ನುತ್ತಾರಂತೆ. ಮೇಲ್ವಿಚಾರಕಿ ಫೋನು ಮಾಡಿ ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ಕೇಳುತ್ತಾರೆ, ನಾಳೆ ಎನ್ನುತ್ತೇನೆ. ಎಲೆಕ್ಟ್ರಾನಿಕ್ ಸಿಟಿಯವರು ಹಾಸಿಗೆ ಖಾಲಿ ಬಿದ್ದಿದೆ ಎನ್ನುತ್ತಾರೆ, ಅವರಿಗೂ ನಾಳೆ ಎನ್ನುತ್ತೇನೆ. ದಿವ್ಯಾ ನಗುತ್ತಾಳೆ. ಇದು ಎಷ್ಟು ದಿನ ನಡೆದೀತು? ಇದು ನನ್ನ ಕೆಲಸವೋ, ನಾನು ಕೆಲಸ ತಪ್ಪಿಸುತ್ತಿದ್ದೇನೋ? ನನಗೆ ನಿಜವಾಗಿಯೂ ತಿಳಿಯುತ್ತಿಲ್ಲ.

ನೀನು ಏನೂ ಅಲ್ಲದವರು ಎಂದು ಬರೆದಿದ್ದೆ. ನಿನ್ನ ಜೊತೆ ವಾದಕ್ಕಿಳಿಯುವಷ್ಟು ನಾನು ಓದಿದವಳಲ್ಲ. ಸವಿತಾ ಹಿಂದಿರುಗಿ ಹೋಗಬೇಕು ಎಂದೂ ನಾನು ಹೇಳುತ್ತಿಲ್ಲ, ಅದು ಅವಳಿಗೆ ಬಿಟ್ಟದ್ದು. ಒಂದೇ ಒಂದು ತಿಳಿಯಬೇಕು. ಅವತ್ತು ಹನುಮಯ್ಯನವರು ನಿಮ್ಮ ಗೇಟಿನಲ್ಲಿ ನಿಂತಿದ್ದಾಗ ನೀನು ಕೊಟ್ಟಿಗೆಗೆ ಹೋದೆ, ಸರಿ. ಒಳಗೆ ಲಕ್ಷ್ಮಮ್ಮ ಇದ್ದಳು, ಸವಿತಾ ಇದ್ದಳು. ಯಾರಾದರೂ ಅವರಿಗೆ ಒಂದು ಲೋಟ ನೀರು ಕೊಟ್ಟಿರೋ, ಇಲ್ಲವೋ? ಬಾಳೆ, ಹಸು, ಕರು ಯಾವುದೂ ಬೇಡ. ಅದಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆದು ಬೇಗ ಹಾಕು.

ನಿನ್ನ ಅಕ್ಕ
ಅಂಜನಮ್ಮ